ಸಕಲವಾರದಿಂದ ಬಳ್ಳಾರಿಗೆ: ಮನೋಚಿಕಿತ್ಸೆ ಊರಿಗೆ ಬಂದ ಇತಿಹಾಸ

ಬೆಂಗಳೂರಿನ ಉತ್ತರಕ್ಕೆ, ಯಲಹಂಕ ಮತ್ತು ವಿದ್ಯಾರಣ್ಯಪುರದ ಆಸುಪಾಸಿನಲ್ಲಿ ಸಿಂಗಾಪುರ ಎಂಬ ಊರಿದೆ. ಹೆಸರು ಕೇಳಿದ ಕೂಡಲೇ ಕಡಲಾಚೆಯ ದೇಶವನ್ನು ನೆನೆಯುವವರೂ ಉಂಟು. ಈ ಊರಿನ ಒಬ್ಬ ಕೂಲಿ ಕಾರ್ಮಿಕನ ಹೆಂಡತಿಗೆ ಮಾನಸಿಕ ಕಾಯಿಲೆ ಬಂದಿತೆಂದು ಭಾವಿಸೋಣ. ಅವಳನ್ನು ನಿಮ್ಹಾನ್ಸ್‌ಗೆ ಕರೆದೊಯ್ಯಬೇಕಾದರೆ ನಗರವನ್ನು ಅಡ್ಡಲಾಗಿ ದಾಟಿ ಹೊಸೂರು ರಸ್ತೆಗೆ ಹೋಗಬೇಕು. ಒಂದು ದಿನದ ಕೂಲಿ ಹೋಯಿತು. ಮಕ್ಕಳನ್ನು ನೋಡಿಕೊಳ್ಳಲು ನೆರೆಮನೆಯವರಿಗೆ ಹೇಳಬೇಕು; ಹೇಳಿದರೆ ವಿಷಯ ಓಣಿಗೆಲ್ಲ ತಿಳಿಯುತ್ತದೆ. ಮೊದಲ ತಿಂಗಳು ಹೋಗುತ್ತಾರೆ, ಎರಡನೇ ತಿಂಗಳೂ ಹೋಗುತ್ತಾರೆ. ಮೂರನೇ ತಿಂಗಳು ಮಾತ್ರೆ ನಿಲ್ಲುತ್ತದೆ. ನಗರದೊಳಗೇ ಹೀಗಾದರೆ ದೂರದ ಹಳ್ಳಿಗಳ ಗತಿಯೇನು? ಸಮುದಾಯ ಆಧಾರಿತ ಮಾನಸಿಕ ಆರೋಗ್ಯ ಕಾರ್ಯಕ್ರಮಗಳ ಇತಿಹಾಸವೆಂದರೆ ಬಹುಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಇತಿಹಾಸ. ಆ ಉತ್ತರದ ಮುಖ್ಯ ಅಧ್ಯಾಯಗಳು ನಮ್ಮ ಕರ್ನಾಟಕದಲ್ಲೇ ಬರೆಯಲ್ಪಟ್ಟವು ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ನಮ್ಮ ಸಭೆಗಳಲ್ಲಿ ಮಾನಸಿಕ ಆರೋಗ್ಯದ ಮಾತು ಬಂದರೆ ಭಾಷಣಕಾರರು ಮಧ್ಯಯುಗದ ಬಿಮಾರಿಸ್ತಾನ್‌ಗಳನ್ನು ನೆನೆಯುತ್ತಾರೆ. ಅದು ಸರಿಯೇ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. 1354ರಲ್ಲಿ ಅಲೆಪ್ಪೊದಲ್ಲಿ ಆರಂಭವಾದ ಅರ್ಗೂನ್ ಬಿಮಾರಿಸ್ತಾನ್‌ನ ಕಟ್ಟಡವನ್ನು ಈಗಲೂ ಇತಿಹಾಸಕಾರರು ವರ್ಣಿಸುತ್ತಾರೆ. ಆದರೆ ಏಳು ನೂರು ವರ್ಷ ಹಿಂದಿನ ಕೈರೋ ಗೊತ್ತಿದ್ದು, ಬನ್ನೇರುಘಟ್ಟ ರಸ್ತೆಯ ಸಕಲವಾರ ಗೊತ್ತಿಲ್ಲದಿರುವುದು ಸ್ವಲ್ಪ ವಿಚಿತ್ರವೇ.

ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆಯೊಂದು 19ನೇ ಶತಮಾನದ ಮಧ್ಯಭಾಗದಲ್ಲೇ ಇತ್ತು. 1925ರಲ್ಲಿ ಅದರ ಹಳೆಯ ಹೆಸರು ಹೋಗಿ 'ಮೆಂಟಲ್ ಹಾಸ್ಪಿಟಲ್' ಎಂದಾಯಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರು ಮೈಸೂರಿನ ದಿವಾನರಾಗಿದ್ದ ಅವಧಿಯಲ್ಲಿ (1926ರಿಂದ 1941) ಆಸ್ಪತ್ರೆ ಈಗಿನ ವಿಶಾಲ ಆವರಣಕ್ಕೆ ಬಂದಿತು. ಕಾಲಕ್ಕೆ ಅದು ಪ್ರಗತಿಪರವಾದ ಆಸ್ಪತ್ರೆಯೆನಿಸಿತ್ತು. ಆದರೂ ರೋಗಿಯನ್ನು ಸಮಾಜದಿಂದ ಬೇರ್ಪಡಿಸಿ ಗೋಡೆಯೊಳಗೆ ಇಡುವುದೇ ಅಂದಿನ ಪದ್ಧತಿ. 1912ರ ಲ್ಯೂನಸಿ ಕಾಯ್ದೆಯ ಪ್ರಕಾರ ರೋಗಿಯನ್ನು ದಾಖಲಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗಿತ್ತು. ಕಾಯಿಲೆಯವನಿಗೂ ಕಳ್ಳನಿಗೂ ಒಂದೇ ಬಾಗಿಲು ಎಂಬ ಭಾವನೆ ಜನರಲ್ಲಿ ಬೇರೂರಲು ಇದೂ ಒಂದು ಕಾರಣ.

1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದದ್ದು ಸುಮಾರು 10 ಸಾವಿರ ಹಾಸಿಗೆಗಳು. ಜನಸಂಖ್ಯೆ 40 ಕೋಟಿಯ ಹತ್ತಿರ. ತಜ್ಞರನ್ನು ತರಬೇತುಗೊಳಿಸಲೆಂದು 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೂ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯಿತು. ಹಾಸಿಗೆ ಹೆಚ್ಚಿಸುತ್ತಾ ಹೋದರೆ ಈ ಲೆಕ್ಕ ಎಂದೂ ಸರಿಹೋಗದೆಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆ ಮನೆಯವರೂ ಇರುವಂತೆ ಮಾಡಿದ್ದರು. ಮನೆಯವರು ಹತ್ತಿರವಿದ್ದಾಗ ಗುಣ ಬೇಗ ಕಾಣುತ್ತಿತ್ತು, ಕಾಯಿಲೆಯ ಬಗ್ಗೆ ಅವರ ಹೆದರಿಕೆಯೂ ಕಡಿಮೆಯಾಗುತ್ತಿತ್ತು. ಗೋಡೆಯಲ್ಲಿ ಬಿದ್ದ ಮೊದಲ ಬಿರುಕು ಅದು.

ಎರಡನೆಯದು ನಮ್ಮ ಕರಾವಳಿಯಲ್ಲಿ. ಡಾ. ಆರ್.ಎಲ್. ಕಪೂರ್ ಮತ್ತು ಸ್ಕಾಟ್ಲೆಂಡಿನ ಜಿ.ಎಂ. ಕಾರ್‌ಸ್ಟೇರ್ಸ್ ಅವರು ಉಡುಪಿ ಸಮೀಪದ ಕೋಟದಲ್ಲಿ ಜನರ ಮಾನಸಿಕ ತೊಂದರೆಗಳನ್ನು ಅಭ್ಯಾಸ ಮಾಡಿದರು; ಅವರ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಅಲ್ಲಿ ವೈದ್ಯರಿದ್ದರು, ಮಂತ್ರವಾದಿಗಳಿದ್ದರು, ಪಾತ್ರಿಗಳಿದ್ದರು. ಜನ ಒಬ್ಬರನ್ನು ನಂಬಿ ಇನ್ನೊಬ್ಬರನ್ನು ಬಿಡುತ್ತಿರಲಿಲ್ಲ. ಡಾಕ್ಟರ ಬಳಿಗೂ ಹೋಗುತ್ತಿದ್ದರು, ಪಾತ್ರಿಯ ಬಳಿಗೂ ಹೋಗುತ್ತಿದ್ದರು. ಪಟ್ಟಣದ ವಿದ್ಯಾವಂತರು ಇದನ್ನು ಮೌಢ್ಯವೆಂದು ತಳ್ಳಿಹಾಕುತ್ತಾರೆ. ಆದರೆ ಹತ್ತಿರದಲ್ಲಿ ಯಾರು ಸಿಗುತ್ತಾರೋ, ಯಾರು ತಾಳ್ಮೆಯಿಂದ ಮಾತು ಕೇಳುತ್ತಾರೋ ಅವರ ಬಳಿಗೆ ಹೋಗುವುದು ಮನುಷ್ಯ ಸ್ವಭಾವ. ಸೇವೆಯನ್ನು ಹಳ್ಳಿಗೆ ಒಯ್ಯುವವರು ಮೊದಲು ಅರಿಯಬೇಕಾದ ಸಂಗತಿ ಇದು.

ಕಪೂರ್ ಅವರು ನಿಮ್ಹಾನ್ಸ್ ಸೇರಿದ ಮೇಲೆ 1975ರಲ್ಲಿ ಸಮುದಾಯ ಮನೋವೈದ್ಯ ಘಟಕ ಆರಂಭವಾಯಿತು. ಆನೇಕಲ್ ಕಡೆಯ ಸಕಲವಾರ ಅದರ ಕಾರ್ಯಕ್ಷೇತ್ರ. ಹಳ್ಳಿಗೆ ಮನೋವೈದ್ಯರನ್ನು ಕಳಿಸುವುದು ಸಾಧ್ಯವಿಲ್ಲ, ಅಷ್ಟು ಮನೋವೈದ್ಯರೇ ಇಲ್ಲ. ಹಾಗಾದರೆ ಅಲ್ಲಿ ಈಗಾಗಲೇ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಈ ಕೆಲಸ ಕಲಿಸಬಹುದೇ? ಮಲೇರಿಯಾ, ಕುಟುಂಬ ಯೋಜನೆ, ಚುಚ್ಚುಮದ್ದು ಎಂದು ಮನೆಮನೆಗೆ ಹೋಗುವ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರು ವರ್ಷಗಳಿಂದ ಹೊರಗೆ ಬಂದಿಲ್ಲ, ಯಾರು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರೆ, ಯಾರಿಗೆ ಫಿಟ್ಸ್ ಬರುತ್ತದೆ ಎಂಬುದು ಗೊತ್ತಿರುತ್ತದೆ. ಅದು ಕಾಯಿಲೆ, ಅದಕ್ಕೆ ಮದ್ದಿದೆ ಎಂಬುದಷ್ಟೇ ಗೊತ್ತಿರುವುದಿಲ್ಲ. ಗಂಭೀರ ಮನೋರೋಗ, ಖಿನ್ನತೆ, ಅಪಸ್ಮಾರ ಇವನ್ನು ಗುರುತಿಸುವುದು, ಕೆಲವೇ ಔಷಧಿಗಳನ್ನು ಸರಿಯಾಗಿ ಬಳಸುವುದು, ಔಷಧಿ ನಿಲ್ಲಿಸಿದವರ ಮನೆಗೆ ಮತ್ತೆ ಹೋಗುವುದು: ಪಾಠ ಇಷ್ಟೇ. ದೊಡ್ಡ ತಜ್ಞರ ವಿದ್ಯೆಯನ್ನು ಇಷ್ಟು ಸರಳಗೊಳಿಸಿದ್ದಕ್ಕೆ ಆಗ ಟೀಕೆಗಳೂ ಬಂದವು. ನನ್ನ ಅಭಿಪ್ರಾಯದಲ್ಲಿ ಈ ಸರಳಗೊಳಿಸುವಿಕೆಯೇ ಸಕಲವಾರದ ಅತಿ ದೊಡ್ಡ ಸಾಧನೆ. ಇದೇ ಕಾಲಕ್ಕೆ ಹರಿಯಾಣದ ರಾಯಪುರ್ ರಾಣಿಯಲ್ಲಿ ಚಂಡೀಗಢದ ವೈದ್ಯರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಇಂಥದೇ ಪ್ರಯೋಗ ನಡೆಸುತ್ತಿದ್ದರು.

ಇದರ ಜೊತೆಗೆ ನಿಮ್ಹಾನ್ಸ್‌ನ ವೈದ್ಯರ ತಂಡಗಳು ತಿಂಗಳಿಗೊಮ್ಮೆ ಹೊರ ಊರುಗಳಿಗೆ ಹೋಗಿ ಶಿಬಿರ ನಡೆಸುವ ಕ್ರಮವೂ ಬೆಳೆಯಿತು. ಗೌರಿಬಿದನೂರು, ಮಧುಗಿರಿ, ಮದ್ದೂರು, ಕನಕಪುರ ಆ ಊರುಗಳಲ್ಲಿ ಕೆಲವು. ಯಲಹಂಕದಿಂದ ದೊಡ್ಡಬಳ್ಳಾಪುರದ ಹಾದಿ ಹಿಡಿದರೆ ಸಿಗುವ ಗೌರಿಬಿದನೂರಿಗೆ ವೈದ್ಯರೇ ಹೋದದ್ದರಿಂದ ಅಲ್ಲಿನ ರೋಗಿ ಬೆಂಗಳೂರಿಗೆ ಬರುವ ಕಷ್ಟ ತಪ್ಪಿತು.

1982ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂಗೀಕಾರವಾಯಿತು. ಕಾಗದದ ಮೇಲಿದ್ದದ್ದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ, ಸುಮಾರು 15 ಲಕ್ಷ ಜನರಿದ್ದ ಆ ಜಿಲ್ಲೆಯಲ್ಲಿ (ಇಂದಿನ ವಿಜಯನಗರ ಜಿಲ್ಲೆಯ ಬಹುಭಾಗವೂ ಆಗ ಅದರಲ್ಲಿತ್ತು) ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಕಾರ್ಯಕರ್ತರು ತರಬೇತಿ ಪಡೆದರು. ಜಿಲ್ಲಾ ಮಟ್ಟದಲ್ಲಿ ಒಬ್ಬ ಮನೋವೈದ್ಯರ ನೇತೃತ್ವದ ತಂಡ ಅವರಿಗೆ ಬೆಂಬಲವಾಗಿ ನಿಂತಿತು. ಔಷಧಿ ಊರ ಕೇಂದ್ರದಲ್ಲೇ ಸಿಗತೊಡಗಿತು. ವೈದ್ಯಕೀಯ ಪುಸ್ತಕಗಳಲ್ಲಿ ಇದು 'ಬಳ್ಳಾರಿ ಮಾದರಿ' ಎಂದು ಹೆಸರಾಯಿತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕೇಂದ್ರ ಸರಕಾರ ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿದಾಗ ಆಧಾರವಾಗಿದ್ದದ್ದು ಬಳ್ಳಾರಿಯ ಅನುಭವ. 2002ರ ಹೊತ್ತಿಗೆ ಅದು 27 ಜಿಲ್ಲೆಗಳನ್ನು ಮುಟ್ಟಿತ್ತು. ಹರಡಿದಂತೆಲ್ಲ ತೆಳುವಾಯಿತೆಂಬುದನ್ನೂ ಹೇಳಬೇಕು. ಹಲವೆಡೆ ಮನೋವೈದ್ಯರ ಹುದ್ದೆ ಖಾಲಿ ಉಳಿಯಿತು, ಔಷಧಿ ಸಮಯಕ್ಕೆ ಬರಲಿಲ್ಲ.

ಸೇವೆ ತಲುಪದ ಕಡೆ ಏನಾಗುತ್ತದೆ ಎಂಬುದಕ್ಕೆ ಏರ್ವಾಡಿ ಸಾಕ್ಷಿ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿ ದರ್ಗಾಕ್ಕೆ ಎಲ್ಲ ಮತದವರೂ ಮನೋರೋಗಿಗಳನ್ನು ಕರೆತರುತ್ತಿದ್ದರು. ಸುತ್ತಲೂ ಖಾಸಗಿ ಆಶ್ರಯ ಕೇಂದ್ರಗಳು ಹುಟ್ಟಿಕೊಂಡಿದ್ದವು. 2001ರ ಆಗಸ್ಟ್ 6ರ ಮುಂಜಾನೆ ಅಂಥ ಒಂದು ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗಲಿಲ್ಲ. 28 ಮಂದಿ ಸತ್ತರು. ದುರಂತದ ನಂತರ ಬೈಗುಳವೆಲ್ಲ ದರ್ಗಾಕ್ಕೂ ಅಲ್ಲಿಗೆ ಹೋಗುವವರ ಅಜ್ಞಾನಕ್ಕೂ ಬಿತ್ತು. ಸರಪಳಿ ಹಾಕಿದವರಿಗೆ ಕ್ಷಮೆಯಿಲ್ಲ. ಆದರೆ ಅಣ್ಣನನ್ನೋ ಮಗಳನ್ನೋ ಅಲ್ಲಿ ಬಿಟ್ಟುಹೋದ ಕುಟುಂಬಗಳಲ್ಲಿ ಎಷ್ಟು ಮಂದಿಯ ಊರಿನಲ್ಲಿ ಒಂದು ಮಾತ್ರೆ ಸಿಗುತ್ತಿತ್ತು? ನಮ್ಮ ಓಣಿಗಳಲ್ಲೂ 'ಜಿನ್ನ್ ಸೇರಿದೆ', 'ಗಾಳಿ ತಾಗಿದೆ' ಎಂಬ ಮಾತು ಕೇಳಿಬರುತ್ತದೆ. ಹಾಗೆನ್ನುವ ತಾಯಿಗೆ ಮಗಳ ಮದುವೆಯ ಚಿಂತೆಯೂ ಇರುತ್ತದೆ. 'ಹುಚ್ಚು' ಎಂಬ ಹೆಸರು ಮನೆಗೆ ಅಂಟಿದರೆ ಸಂಬಂಧ ಕೂಡಿಬರುವುದಿಲ್ಲ. ಜಿನ್ನ್ ಎಂದರೆ ಹೇಗೋ ನಡೆಯುತ್ತದೆ.

ಗುಜರಾತಿನಲ್ಲಿ ಇದಕ್ಕೊಂದು ಹಾದಿ ಕಂಡುಕೊಂಡರು. ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ 'ದವಾ ಮತ್ತು ದುವಾ' ಎಂಬ ಕೆಲಸ ಆರಂಭವಾಯಿತು. ಮುಜಾವರರಿಗೆ ಕಾಯಿಲೆಯ ಲಕ್ಷಣಗಳನ್ನು ತಿಳಿಸಿಕೊಟ್ಟರು, ಮನೋವೈದ್ಯರು ಅಲ್ಲಿಗೇ ಬಂದು ಕುಳಿತರು. ಪ್ರಾರ್ಥನೆಗೆ ಬಂದವರನ್ನು ಮುಜಾವರರೇ ವೈದ್ಯರ ಬಳಿಗೆ ಕಳಿಸತೊಡಗಿದರು. ಕೋಟದ ಜನ ತಾವಾಗಿ ಮಾಡುತ್ತಿದ್ದದ್ದನ್ನು ಇಲ್ಲಿ ವ್ಯವಸ್ಥೆಯಾಗಿ ಮಾಡಲಾಯಿತು ಅಷ್ಟೇ.

ಕರ್ನಾಟಕದ ಪ್ರಯೋಗಗಳು ಬಳ್ಳಾರಿಯಲ್ಲಿ ನಿಲ್ಲಲಿಲ್ಲ. ತೀರ್ಥಹಳ್ಳಿ ತಾಲೂಕಿನಲ್ಲಿ 2005ರಿಂದ, ಆನಂತರ ತುರುವೇಕೆರೆಯಲ್ಲಿ, ಸ್ಕಿಜೋಫ್ರೇನಿಯಾ ಇರುವವರನ್ನು ಊರಿನಲ್ಲೇ ಗುರುತಿಸಿ ಚಿಕಿತ್ಸೆ ಮುಂದುವರಿಸುವ ಕೆಲಸವನ್ನು ನಿಮ್ಹಾನ್ಸ್ ಕೈಗೊಂಡಿತು. 2014ರಲ್ಲಿ ರಾಜ್ಯ ಸರಕಾರ 'ಮನೋಚೈತನ್ಯ' ಯೋಜನೆಯಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕರೆತಂದಿತು. ಆದರೂ ಅಂತರ ದೊಡ್ಡದೇ. ಕೋಲಾರದಲ್ಲಿ ಪೂರ್ವಪರೀಕ್ಷೆ ಮಾಡಿ, 12 ರಾಜ್ಯಗಳಲ್ಲಿ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟಕೂಡದೆಂದು ವಿಧಿಸಿತು. ಸರಕಾರ ನಡೆಸುವ ಸೇವೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದೂ ಹೇಳಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಆರಂಭವಾಯಿತು. ಅದರ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತಾಡಬಹುದು. ಸಿಂಗಾಪುರದ ಆ ಕೂಲಿ ಕಾರ್ಮಿಕ ಕೆಲಸದಿಂದ ಬಂದ ಮೇಲೆ, ಓಣಿಯವರಿಗೆ ಹೇಳದೆ, ಮನೆಯಿಂದಲೇ ಈ ಸಂಖ್ಯೆಗೆ ಕರೆ ಮಾಡಬಹುದು.