ಜಕ್ಕೂರಿನ ತಲೆಯ ಮೇಲೆ ಹಾದುಹೋದ ದಾರಿಗಳು

ಬಳ್ಳಾರಿ ರಸ್ತೆಯ ಮೇಲ್ಸೇತುವೆ ಹತ್ತಿ ವಿಮಾನ ನಿಲ್ದಾಣಕ್ಕೆ ಹೊರಟವರಿಗೆ ಜಕ್ಕೂರು ಕಾಣುವುದು ಒಂದೆರಡು ನಿಮಿಷ. ಎಡಗಡೆ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಹಸಿರು, ಬಲಗಡೆ ತರಬೇತಿ ವಿಮಾನಗಳ ರನ್‌ವೇ, ಅಷ್ಟೇ. ಊರು ಇರುವುದು ಅದರಾಚೆ, ಒಳಗೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಉತ್ತರ ಬೆಂಗಳೂರಿನ ಸಾರಿಗೆಗೆ ಸುರಿದ ಹಣದ ಬಹುಪಾಲು ಮೇಲೆ ಹೋಗುವವರಿಗಾಗಿ ಸುರಿದದ್ದು. ಕೆಳಗೆ ನಿಂತವರ ಸರದಿ ಇನ್ನೂ ಬರಬೇಕಿದೆ.

ಈ ಭಾಗಕ್ಕೆ ಮೊದಲು ಬಂದದ್ದು ರೈಲು, ಅದೂ ಯಲಹಂಕಕ್ಕೆ. 1890ರ ದಶಕದಲ್ಲಿ ಗುಂತಕಲ್ ಕಡೆಯ ಮಾರ್ಗ, 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ನ್ಯಾರೋ ಗೇಜ್. ಜಕ್ಕೂರಿನವರು ರೈಲು ಹತ್ತಬೇಕಾದರೆ ಯಲಹಂಕಕ್ಕೆ ಹೋಗಬೇಕಿತ್ತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇಲ್ಲಿ ನೆಲೆಯಾಯಿತು. ಹೀಗೆ ರೈಲು ನಿಲ್ಲದ ಊರಿನಲ್ಲಿ ವಿಮಾನ ಇಳಿಯತೊಡಗಿತು!

ಊರಿನ ಚಹರೆ ಬದಲಾದದ್ದು 2003ರಿಂದೀಚೆಗೆ. ಆ ವರ್ಷ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಅರ್ಕಾವತಿ ಬಡಾವಣೆಗೆ ಹದಿನಾರು ಹಳ್ಳಿಗಳ ಜಮೀನಿಗೆ ಅಧಿಸೂಚನೆ ಹೊರಡಿಸಿತು; ಜಕ್ಕೂರು, ರಾಚೇನಹಳ್ಳಿ, ಸಂಪಿಗೆಹಳ್ಳಿ, ಥಣಿಸಂದ್ರ ಎಲ್ಲವೂ ಅದರಲ್ಲಿದ್ದವು. ಹೆಬ್ಬಾಳ ಮೇಲ್ಸೇತುವೆ ತೆರೆದದ್ದೂ ಅದೇ ವರ್ಷ. ಬಡಾವಣೆ ಕೋರ್ಟು ಕಟಕಟೆ ಹತ್ತಿ ಇಳಿಯುವಷ್ಟರಲ್ಲಿ, 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾಗಿ ಸೈಟಿನ ಬೆಲೆ ಆಕಾಶಕ್ಕೇರಿತು. 2014ರ ಹೊತ್ತಿಗೆ ಹೆಬ್ಬಾಳದಿಂದ ಯಲಹಂಕದ ಕಡೆಗೆ ಎತ್ತರಿಸಿದ ರಸ್ತೆ ಸಿದ್ಧವಾಯಿತು. ಆ ರಸ್ತೆಯ ಎತ್ತರ ಜಕ್ಕೂರಿನ ರನ್‌ವೇಗೂ ತೊಡಕಾಯಿತು. ಮೇಲೆ ಕಾರುಗಳು, ಕೆಳಗಿನ ಸರ್ವಿಸ್ ರಸ್ತೆಯಲ್ಲಿ ಬಸ್ಸಿಗೆ ಕಾಯುವವರು, ಬಸ್ಸನ್ನೇ ಅಡ್ಡಗಟ್ಟುವ ಆಟೋಗಳು, ಆ ಕಡೆಯಿಂದ ಈ ಕಡೆಗೆ ದಾಟಲು ಹೆಣಗುವ ಶಾಲೆ ಮಕ್ಕಳು. ಕಂಬಗಳಡಿಯ ಈ ಬದುಕಿಗೆ ಯಾವ ನಕ್ಷೆಯೂ ಇರಲಿಲ್ಲ.

ಮೆಟ್ರೋ ಕಥೆ ಇನ್ನೂ ಸ್ವಾರಸ್ಯ. ವಿಮಾನ ನಿಲ್ದಾಣದ ಮಾರ್ಗಕ್ಕೆ 2017ರಲ್ಲಿ ರಾಜ್ಯ ಸರ್ಕಾರ ಆರಿಸಿದ್ದು ನಾಗವಾರದಿಂದ ಹೆಗಡೆನಗರ, ಜಕ್ಕೂರು, ಯಲಹಂಕ ಬಳಸಿ ಹೋಗುವ ದಾರಿ. ಅಂದರೆ ಜನ ವಾಸವಿರುವ ಒಳಗಡೆಯೇ ರೈಲು ಬರಬೇಕಿತ್ತು. ಆಮೇಲೆ ಗೊತ್ತಾಯಿತು, ಆ ದಾರಿಯಲ್ಲಿ ನೆಲದಡಿ ಪೆಟ್ರೋಲಿಯಂ ಕೊಳವೆ ಮಾರ್ಗವಿದೆ ಎಂದು. ಕಂಬ ನೆಡುವುದು ಅಪಾಯವೆಂದು ಅದನ್ನು ಕೈಬಿಟ್ಟು, 2019ರ ಆರಂಭದಲ್ಲಿ ಕೆ.ಆರ್. ಪುರ, ಹೆಬ್ಬಾಳದ ದಾರಿಯನ್ನು ಒಪ್ಪಿದರು. ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2021ರ ಏಪ್ರಿಲ್‌ನಲ್ಲಿ. ಈಗ ನೀಲಿ ಮಾರ್ಗದ ಕಂಬಗಳು ಎದ್ದಿರುವುದು ಬಳ್ಳಾರಿ ರಸ್ತೆಯ ಬದಿಯಲ್ಲಿ. ಜಕ್ಕೂರು ಕ್ರಾಸ್‌ನಲ್ಲೊಂದು ನಿಲ್ದಾಣವುಂಟು. ಗಡುವು ಮುಂದೆ ಹೋಗುತ್ತಲೇ ಇದೆ, ಅದಿರಲಿ. ನಿಲ್ದಾಣ ಕ್ರಾಸಿನಲ್ಲಿದ್ದರೆ ಊರೊಳಗಿನವರು ಅಲ್ಲಿಗೆ ತಲುಪುವುದು ಹೇಗೆ? ಕೊಳವೆ ತಪ್ಪಿಸಲು ದಾರಿ ಬದಲಿಸಿದ್ದು ಸರಿಯೇ; ಆದರೆ ಹೆಗಡೆನಗರ, ಜಕ್ಕೂರಿನ ಒಳಭಾಗಕ್ಕೆ ಕೈತಪ್ಪಿದ್ದನ್ನು ಬೇರೆ ರೀತಿಯಲ್ಲಿ ತುಂಬಿಕೊಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ತುಂಬಿಕೊಡಬಲ್ಲದ್ದು ಉಪನಗರ ರೈಲು. 1983ರಿಂದಲೂ ಕಡತದಲ್ಲಿದ್ದ ಈ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು 2022ರ ಜೂನ್‌ನಲ್ಲಿ. ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಒಟ್ಟು ಸುಮಾರು 148 ಕಿ.ಮೀ. ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ಕನಕ ಮಾರ್ಗದಲ್ಲಿ ಥಣಿಸಂದ್ರ, ಹೆಗಡೆನಗರ, ಜಕ್ಕೂರು, ಯಲಹಂಕ ಸಾಲಾಗಿ ಬರುತ್ತವೆ. ಇವುಗಳಲ್ಲಿ ಹೆಗಡೆನಗರ, ಜಕ್ಕೂರು ಕೊಳವೆಯಿಂದಾಗಿ ಮೆಟ್ರೋ ಕಳೆದುಕೊಂಡ ಊರುಗಳೇ. ದುರದೃಷ್ಟವೆಂದರೆ 2025ರಲ್ಲಿ ಗುತ್ತಿಗೆದಾರರು ಕೆಲಸ ಬಿಟ್ಟುಹೋದರು.

ಈ ಭಾಗದ ಜನ ಸುಮ್ಮನೆ ಕೂತವರಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಾಗ, 2016ರ ಅಕ್ಟೋಬರ್‌ನಲ್ಲಿ ನಗರದ ಸಾವಿರಾರು ಮಂದಿ ಮಾನವ ಸರಪಳಿ ಕಟ್ಟಿ ‘ಬೇಡ’ ಎಂದರು. ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಜನ ಬರೀ ಬೇಡ ಎನ್ನಲಿಲ್ಲ, ‘ಚುಕುಬುಕು ಬೇಕು’ ಎಂದು ಉಪನಗರ ರೈಲನ್ನೂ ಕೇಳಿದರು. ಜಕ್ಕೂರು ಕೆರೆಯ ದಂಡೆಯಲ್ಲೂ ಇಂಥದೇ ಹಟ ಕಾಣುತ್ತದೆ: ಶುದ್ಧೀಕರಿಸಿದ ಕೊಳಚೆ ನೀರು ತುಂಬುವ ಆ 160 ಎಕರೆಯ ಕೆರೆಯನ್ನು ಕಾಯುವಲ್ಲಿ ‘ಜಲಪೋಷಣ’ದ ಸ್ವಯಂಸೇವಕರ ಪಾಲು ದೊಡ್ಡದು.

ಅಷ್ಟರ ನಡುವೆ, ಮಾತಿಲ್ಲದೆ ಊರನ್ನು ಬದಲಿಸಿದ್ದು ಬಸ್ಸು. 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ಬೆಳಗಿನ ಬಸ್ಸಿನ ನೋಟವೇ ಬೇರೆ. ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೆ ಬರುವವರು, ಬುಟ್ಟಿ ಹಿಡಿದು ಕೆ.ಆರ್. ಮಾರ್ಕೆಟ್ಟಿಗೆ ಹೂವು ತರಲು ಹೊರಟವರು, ನರ್ಸಿಂಗ್ ಓದುವ ಹುಡುಗಿಯರು. ‘ಟಿಕೆಟ್ ತಗೊಳ್ಳಮ್ಮಾ’ ಎಂದು ಕಂಡಕ್ಟರ್ ಕೊಡುವ ಸೊನ್ನೆ ರೂಪಾಯಿ ಚೀಟಿಯನ್ನು ಸೆರಗಿನ ತುದಿಗೆ ಸುತ್ತಿಕೊಂಡು ಮಾತಿಗೆ ಕೂರುತ್ತಾರೆ. ಯಾರ ಮನೆಯಲ್ಲಿ ಕೆಲಸ ಖಾಲಿ, ಎಲ್ಲಿ ಬಾಡಿಗೆ ಕಡಿಮೆ, ಎಲ್ಲ ಇಳಿಯುವಷ್ಟರಲ್ಲಿ ತಿಳಿದುಹೋಗುತ್ತದೆ. ಕೊರತೆ ಬಸ್ಸುಗಳ ಸಂಖ್ಯೆಯದು. ಬಸ್ಸು ಬಾರದಿದ್ದರೆ ಶೇರ್ ಆಟೋಗೆ ದುಡ್ಡು ತೆರಬೇಕು, ಉಚಿತ ಟಿಕೆಟ್ಟಿನ ಉಳಿತಾಯ ಅಲ್ಲಿಗೇ ಸರಿಹೋಗುತ್ತದೆ.

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಮಾತು ಜೋರಾಗಿದೆ, ಅದೂ ಕಾರಿನವರಿಗೆ. ಆ ಸಾವಿರಾರು ಕೋಟಿಗೆ ಕೈಹಾಕುವ ಮೊದಲು ಕನಕ ಮಾರ್ಗದ ಕೆಲಸ ಮುಗಿಯಲಿ. ಜಕ್ಕೂರು ಕ್ರಾಸ್ ನಿಲ್ದಾಣದಿಂದ ರಾಚೇನಹಳ್ಳಿ, ಸಂಪಿಗೆಹಳ್ಳಿಗೆ ಹತ್ತು ನಿಮಿಷಕ್ಕೊಂದು ಸಣ್ಣ ಬಸ್ಸು ಓಡಲಿ. ಕ್ರಾಸಿನಿಂದ ಊರಿನವರೆಗೆ ನಡೆಯಲು ನೆಟ್ಟಗಿನ ಒಂದು ಫುಟ್‌ಪಾತ್ ಬರಲಿ. ಜಕ್ಕೂರಿನವರು ಮುಂದಿನ ವಾರ್ಡ್ ಸಭೆಯಲ್ಲಿ ಮೊದಲು ಕೇಳಬೇಕಾದದ್ದು ಈ ಮೂರನ್ನು.