ಮುರ್ಮಾನ್: ಬೆಸ್ತರ ಬಾಯಲ್ಲಿ ಉಳಿದ ಹೆಸರು

ಆರ್ಕ್ಟಿಕ್ ವೃತ್ತದಾಚೆಗಿನ ಊರುಗಳಲ್ಲೆಲ್ಲ ದೊಡ್ಡದು ರಷ್ಯಾದ ಮುರ್ಮಾನ್ಸ್ಕ್. ಹೆಸರಿನ ಬಾಲದಲ್ಲಿರುವ ‘ಸ್ಕ್’ ಓಮ್ಸ್ಕ್, ತೋಮ್ಸ್ಕ್‌ಗಳಿಗೂ ಇರುವ ಮಾಮೂಲಿ ಪ್ರತ್ಯಯ. ಸ್ವಾರಸ್ಯವಿರುವುದು ‘ಮುರ್ಮಾನ್’ನಲ್ಲಿ. ಹಳೆಯ ರಷ್ಯನ್ನರು ನಾರ್ವೆಯವರನ್ನು ಕರೆಯುತ್ತಿದ್ದುದು ಹಾಗೆ. ಮೂಲ ‘ನಾರ್ಡ್‌ಮನ್’, ಅಂದರೆ ಬಡಗಣದವನು. ನಾಲಗೆಯಲ್ಲಿ ಹೊರಳಿ ನಕಾರ ಮಕಾರವಾಯಿತು. ಫ್ರಾನ್ಸಿನ ನಾರ್ಮಂಡಿಯೂ ಇದೇ ಮಾತಿನ ಸಂತಾನ. ನಮ್ಮ ನೆರೆಯ ನೀಲಗಿರಿಯ ಬಡಗರ ಹೆಸರೂ ದಿಕ್ಕಿನಿಂದಲೇ ಬಂದದ್ದು.

ಜನರ ಹೆಸರು ಮುಂದೆ ಕರಾವಳಿಯ ಹೆಸರಾಯಿತು. ಬಿಳಿ ಸಮುದ್ರದ ದಡದ ಪೊಮೋರ್ ಬೆಸ್ತರು ವಸಂತ ಬಂತೆಂದರೆ ಕಾಡ್ ಮೀನಿಗಾಗಿ ‘ಮುರ್ಮಾನಿಗೆ’ ಹೊರಡುತ್ತಿದ್ದರು. ಅಟ್ಲಾಂಟಿಕ್‌ನಿಂದ ಬರುವ ಬೆಚ್ಚನೆಯ ಪ್ರವಾಹ ಅಲ್ಲಿನ ಕಡಲನ್ನು ಹೆಪ್ಪುಗಟ್ಟಗೊಡುವುದಿಲ್ಲ. ಡಿಸೆಂಬರ್ ಆರಂಭದಿಂದ ಸುಮಾರು 40 ದಿನ ಸೂರ್ಯನೇ ಹುಟ್ಟದ ನಾಡಿನಲ್ಲಿ, ಆ ಕತ್ತಲಲ್ಲೂ ಹಡಗುಗಳು ಓಡಾಡುತ್ತವೆ.

ಊರು ಹುಟ್ಟಿದ್ದೂ ಈ ನೀರಿನಿಂದಲೇ. ಮೊದಲ ಮಹಾಯುದ್ಧದಲ್ಲಿ ಬಾಲ್ಟಿಕ್ ಮತ್ತು ಕಪ್ಪು ಸಮುದ್ರದ ದಾರಿಗಳು ಮುಚ್ಚಿದಾಗ, ಮಿತ್ರರಾಷ್ಟ್ರಗಳ ಸರಕು ಇಳಿಸಿಕೊಳ್ಳಲು ಹಿಮಗಟ್ಟದ ಬಂದರು ಬೇಕಾಯಿತು. ಸಾವಿರಾರು ಯುದ್ಧಕೈದಿಗಳನ್ನು ದುಡಿಸಿ ರೈಲುಹಳಿ ಹಾಕಿಸಿದರು. 1916ರ ಅಕ್ಟೋಬರ್ 4ರಂದು ಸ್ಥಾಪನೆಯಾದ ಊರಿಗೆ ಇಟ್ಟ ಹೆಸರು ‘ರೊಮಾನೊವ್-ನಾ-ಮುರ್ಮಾನೆ’: ಮುರ್ಮಾನ್ ದಡದ ರೊಮಾನೊವ್. ಮುಂದೆ ಅರಸುಮನೆತನದ ಹೆಸರು, ಹಿಂದೆ ಬೆಸ್ತರದು. ಆರು ತಿಂಗಳು ಕಳೆಯುವಷ್ಟರಲ್ಲಿ ಝಾರ್ ಸಿಂಹಾಸನ ಬಿಟ್ಟಿದ್ದ. 1917ರ ಏಪ್ರಿಲ್‌ನಲ್ಲಿ ‘ರೊಮಾನೊವ್’ ಕಳಚಿಬಿತ್ತು, ‘ಮುರ್ಮಾನ್’ ಉಳಿಯಿತು.

ಎರಡನೆಯ ಮಹಾಯುದ್ಧದಲ್ಲಿ ಈ ಮಾತಿಗೆ ಇನ್ನೊಂದು ಬಣ್ಣ ಹತ್ತಿತು. ಜರ್ಮನ್ ಜಲಾಂತರ್ಗಾಮಿಗಳನ್ನೂ ವಿಮಾನಗಳನ್ನೂ ತಪ್ಪಿಸಿಕೊಂಡು ಸರಕು ತರುತ್ತಿದ್ದ ಬ್ರಿಟಿಷ್, ಅಮೆರಿಕನ್ ನಾವಿಕರಿಗೆ ‘ಮುರ್ಮಾನ್ಸ್ಕ್ ರನ್’ ಎಂದರೆ ಜೀವ ಕೈಯಲ್ಲಿ ಹಿಡಿದು ಹೋಗುವ ದಾರಿ. 1942ರ ಜೂನ್ 18ರ ಬಾಂಬ್ ದಾಳಿಗೆ ಮರದ ಮನೆಗಳ ಊರು ಹೊತ್ತಿ ಉರಿಯಿತು.

ಪೆಟ್ರೋಗ್ರಾಡ್ ಲೆನಿನ್‌ಗ್ರಾಡ್ ಆಯಿತು, ತ್ಸಾರಿತ್ಸಿನ್ ಸ್ಟಾಲಿನ್‌ಗ್ರಾಡ್ ಆಯಿತು. ಎರಡೂ ಮತ್ತೆ ಬದಲಾದವು. 1917ರ ನಂತರ ಮುರ್ಮಾನ್ಸ್ಕ್‌ನ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ. ಅಳಿಸಿಹಾಕಬೇಕಾದ ದೊಡ್ಡಮನುಷ್ಯರಾರೂ ಅದರೊಳಗೆ ಉಳಿದಿರಲಿಲ್ಲ. 2019ರಲ್ಲಿ ಅಲ್ಲಿನ ವಿಮಾನ ನಿಲ್ದಾಣಕ್ಕೆ ಎರಡನೆಯ ನಿಕೊಲಸ್‌ನ ಹೆಸರಿಟ್ಟರು. ಝಾರನಿಗೆ ಮರಳಿ ಸಿಕ್ಕಿದ್ದು ನಿಲ್ದಾಣ, ಊರಲ್ಲ. ಊರಿನವರು ತಮ್ಮನ್ನು ಕರೆದುಕೊಳ್ಳುವುದು ಇವತ್ತಿಗೂ ‘ಮುರ್ಮಾಂಚಾನೆ’ ಎಂದೇ.