ಮೊದಲು ಯಾರನ್ನು ಉಳಿಸಬೇಕು?

ತಂಡ ಕಟ್ಟಿ ಆಡುವ ಶೂಟಿಂಗ್ ಗೇಮ್‌ಗಳಲ್ಲಿ ಹೀಲರ್, ಅಂದರೆ ಜೊತೆಗಾರರ ಗಾಯ ವಾಸಿಮಾಡುವ ಪಾತ್ರ, ಗುರಿಯಿಡಲು ಬಾರದವರಿಗೆ ಬಿಟ್ಟ ಜಾಗ ಎಂಬ ಮಾತು ಇವತ್ತಿಗೂ ಕೇಳಿಬರುತ್ತದೆ. ಈ ಪಾತ್ರ ಬೆಳೆದುಬಂದ ದಾರಿಯನ್ನು ಬಲ್ಲವರು ಅದನ್ನು ಒಪ್ಪಲಾರರು.

1996ರಲ್ಲಿ 'ಕ್ವೇಕ್' ಗೇಮಿನ ಮೇಲೆ ಹವ್ಯಾಸಿಗಳು ಕಟ್ಟಿದ 'ಟೀಮ್ ಫೋರ್ಟ್ರೆಸ್'ನಲ್ಲೇ ಮೆಡಿಕ್ ಇದ್ದ. ಗಾಯಗೊಂಡವರ ಪಕ್ಕಕ್ಕೇ ಹೋಗಿ ಅವನು ವಾಸಿಮಾಡಬೇಕಿತ್ತು. 2001ರ 'ರಿಟರ್ನ್ ಟು ಕ್ಯಾಸಲ್ ವುಲ್ಫೆನ್‌ಸ್ಟೈನ್'ನಲ್ಲಿ ಬಿದ್ದವರನ್ನು ಸಿರಿಂಜ್ ಚುಚ್ಚಿ ಎಬ್ಬಿಸುವ ಶಕ್ತಿ ಅವನಿಗೆ ಬಂತು.

ನಿಜವಾದ ತಿರುವು 2007ರ 'ಟೀಮ್ ಫೋರ್ಟ್ರೆಸ್ 2'. ವಾಸಿಮಾಡುವ ಮೆಡಿಗನ್ನಿನ ಕಿರಣವನ್ನು ಜೊತೆಗಾರನ ಮೇಲೆ ಹಿಡಿಯುತ್ತಿದ್ದಂತೆ ಉಬರ್‌ಚಾರ್ಜ್ ತುಂಬುತ್ತಾ ಹೋಗುತ್ತದೆ. ತುಂಬಿದ ಮೇಲೆ ಎಂಟು ಸೆಕೆಂಡು ಮೆಡಿಕ್‌ಗೂ ಅವನ ಜೊತೆಗಾರನಿಗೂ ಏಟು ತಾಗುವುದಿಲ್ಲ. ಯಾರ ಉಬರ್ ಮೊದಲು ಸಿದ್ಧವಾಯಿತು ಎಂಬುದರ ಮೇಲೆ ಇಡೀ ತಂಡ ನುಗ್ಗುತ್ತದೆ ಇಲ್ಲವೇ ಹಿಂದೆ ಸರಿಯುತ್ತದೆ. ತುಂಬಿದ ಉಬರ್ ಬಳಸದೆ ಮೆಡಿಕ್ ಸತ್ತರೆ 'ಡ್ರಾಪ್' ಆಯಿತು ಎನ್ನುತ್ತಾರೆ. ಎಷ್ಟೋ ಪಂದ್ಯಗಳು ಅಲ್ಲೇ ಕೈತಪ್ಪಿವೆ. ಇನ್ನೊಂದು ಸೂಕ್ಷ್ಮವೂ ಇದೆ. ಹದಿನೈದು ಸೆಕೆಂಡು ಏಟು ತಿನ್ನದೆ ಇದ್ದವನು ಮೂರುಪಟ್ಟು ವೇಗದಲ್ಲಿ ಚೇತರಿಸಿಕೊಳ್ಳುತ್ತಾನೆ. ಹಾಗಾಗಿ ಗುಂಡಿನ ನಡುವೆ ನಿಂತು ಹೀಲ್ ಕೇಳುವುದಕ್ಕಿಂತ ಗೋಡೆಯ ಮರೆಗೆ ಬರುವುದೇ ಮೇಲು. ಕಾಳಗಕ್ಕೆ ಮುಂಚೆ ಕಿರಣವನ್ನು ಒಬ್ಬೊಬ್ಬರ ಮೇಲೂ ಆಡಿಸಿದರೆ ಎಲ್ಲರ ಆರೋಗ್ಯವೂ ಮಾಮೂಲಿನ ಒಂದೂವರೆಪಟ್ಟಿಗೆ ಏರುತ್ತದೆ. ಒಬ್ಬನ ಬೆನ್ನಿಗೇ ಅಂಟಿಕೊಂಡ ಮೆಡಿಕ್ ಇದನ್ನೆಲ್ಲ ಕಳೆದುಕೊಳ್ಳುತ್ತಾನೆ.

2016ರ 'ಓವರ್‌ವಾಚ್' ಒಬ್ಬ ಮೆಡಿಕ್‌ನ ಜಾಗದಲ್ಲಿ ಹಲವು ಬಗೆಯ ಹೀಲರ್‌ಗಳನ್ನು ತಂದಿತು. ಅವರಲ್ಲಿ ಆನಾ ನನಗೆ ಅಚ್ಚುಮೆಚ್ಚು. ರೈಫಲ್ಲಿನಿಂದ ಗುರಿಯಿಟ್ಟೇ ಗೆಳೆಯರನ್ನು ವಾಸಿಮಾಡಬೇಕು. ಅವಳ ಗ್ರೆನೇಡ್ ಬಿದ್ದ ಶತ್ರುಗಳಿಗೆ ಕೆಲಹೊತ್ತು ಯಾರೂ ಹೀಲ್ ಮಾಡಲಾಗದು. ಇನ್ನೊಬ್ಬ ಹೀಲರ್ ಮರ್ಸಿಯ ಕಥೆ ಬೇರೆ. ಮೊದಲು ಅವಳು ಬಿದ್ದವರನ್ನೆಲ್ಲ ಒಟ್ಟಿಗೆ ಎಬ್ಬಿಸಬಲ್ಲವಳಾಗಿದ್ದಳು. ಅದಕ್ಕಾಗಿ ತಂಡ ಸಾಯುವವರೆಗೂ ಬಚ್ಚಿಟ್ಟುಕೊಂಡು ಕಾಯುವ ಚಾಳಿ ಬೆಳೆಯಿತು. ಕಾಪಾಡಬೇಕಾದವಳೇ ಸಾವಿಗಾಗಿ ಕಾಯುವುದು ಆಟದ ಮೂಲಕ್ಕೇ ವಿರುದ್ಧ. 2017ರಲ್ಲಿ ಅದನ್ನು ಒಬ್ಬರಿಗೆ ಮಿತಿಗೊಳಿಸಿದ್ದು ಸರಿಯೇ. ಇನ್ನೊಂದು ಅತಿರೇಕವೂ ಇತ್ತು: ಮುಂದೆ ನಿಂತು ಏಟು ತಡೆಯುವ ಮೂರು ಟ್ಯಾಂಕ್, ಮೂರು ಸಪೋರ್ಟ್ (ಹೀಲರ್) ಸೇರಿದ 'ಗೋಟ್ಸ್' ತಂಡಗಳು. ಅವುಗಳ ಕಾಲ ಮುಗಿದದ್ದು 2019ರಲ್ಲಿ, ಪ್ರತಿ ಪಾತ್ರಕ್ಕೂ ಇಬ್ಬರೇ ಎಂಬ ನಿಯಮ ಬಂದಾಗ.

ಈ ಎಲ್ಲ ಬದಲಾವಣೆಗಳ ನಡುವೆಯೂ ಸ್ಕೋರ್‌ಬೋರ್ಡಿನ ಹೀಲಿಂಗ್ ಅಂಕಿ ಹೊಸಬರನ್ನು ದಾರಿ ತಪ್ಪಿಸುತ್ತಲೇ ಇದೆ. ಅಂಕಿ ದೊಡ್ಡದಿದ್ದರೆ ತಂಡ ಬೇಡದ ಏಟು ತಿಂದಿದೆ ಎಂದೂ ಅರ್ಥವಿರಬಹುದು. ನುಗ್ಗಿಬರುವ ಶತ್ರುವನ್ನು ಆನಾ ಒಂದೇ ಡಾರ್ಟ್‌ನಿಂದ ಮಲಗಿಸಿದರೆ ತಪ್ಪಿದ ಏಟಿನ ಲೆಕ್ಕ ಆ ಅಂಕಿಯಲ್ಲಿ ಸಿಗುವುದಿಲ್ಲ. ತುಸು ಗಾಯವಾದ ಟ್ಯಾಂಕ್ ಕೂಗಿ ಕರೆಯುತ್ತಿದ್ದರೂ ಸಾಯುವ ಹಂತದಲ್ಲಿರುವ ಜೊತೆ ಹೀಲರ್ ಕಡೆಗೆ ಮೊದಲು ತಿರುಗುವವರೇ ಪಳಗಿದ ಕೈಗಳು. 2024ರ ಫೆಬ್ರವರಿಯಲ್ಲಿ 'ಓವರ್‌ವಾಚ್ 2' ಎಲ್ಲ ಪಾತ್ರಗಳಿಗೂ ತಾನಾಗಿ ಚೇತರಿಸಿಕೊಳ್ಳುವ ಗುಣ ಕೊಟ್ಟಿತು. ಸಣ್ಣಪುಟ್ಟ ಗಾಯಗಳ ಹೊರೆ ತಗ್ಗಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಬಂದ 'ಮಾರ್ವೆಲ್ ರೈವಲ್ಸ್' ಪಾತ್ರಗಳ ಮಿತಿಯನ್ನೇ ಕೈಬಿಟ್ಟಿತು. ಮೂವರು ಹೀಲರ್‌ಗಳ ತಂಡಗಳು ಮತ್ತೆ ಕಾಣಿಸಿಕೊಂಡವು. ಇಂಥ ತಂಡದ ಮುಂಚೂಣಿಗೆ ಎಷ್ಟು ಗುಂಡು ಹೊಡೆದರೂ ವ್ಯರ್ಥವಾದ್ದರಿಂದ ಎದುರಾಳಿಗಳು ಹಿಂಬದಿಯಿಂದ ಬಂದು ಹೀಲರ್‌ಗಳನ್ನೇ ಮೊದಲು ಬೇಟೆಯಾಡುತ್ತಾರೆ. ಒಬ್ಬರ ಮೇಲೆ ದಾಳಿಯಾದಾಗ ಉಳಿದಿಬ್ಬರಿಗೆ ಅದು ಕಾಣುವಂಥ ಜಾಗ ಹಿಡಿದು ನಿಲ್ಲುವ ತಂಡಗಳು ಮಾತ್ರ ಇದನ್ನು ತಾಳಿಕೊಳ್ಳುತ್ತಿವೆ.